ಮಲ್ಟಿಮೀಟರಿನ ಮಸುಕಾದ ಅಂಕಿಗಳು

ವಿದ್ಯುತ್ತಿನ ಕೆಲಸದಲ್ಲಿ ತೊಡಗುವವರಿಗೆ ಮಲ್ಟಿಮೀಟರ್ ಒಂದು ಹೆಚ್ಚಿನ ಇಂದ್ರಿಯವಿದ್ದಂತೆ. ತಂತಿಯೊಂದರಲ್ಲಿ ವಿದ್ಯುತ್ತು ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಮುಟ್ಟಿ ತಿಳಿಯಲು ಹೊರಟರೆ ಪ್ರಾಣಕ್ಕೇ ಸಂಚಕಾರ. ಈ ಕೊರತೆಯನ್ನು ತುಂಬಿಕೊಡುವ ಸಾಧನವೇ ಮಲ್ಟಿಮೀಟರ್. ವೋಲ್ಟೇಜು, ಪ್ರವಾಹ, ರೋಧ ಈ ಮೂರನ್ನೂ ಅಳೆದು ಅಂಕಿಗಳಲ್ಲಿ ಬರೆದು ತೋರಿಸುವ ಡಿಜಿಟಲ್ ಮಲ್ಟಿಮೀಟರುಗಳು ಈಗ ಶಾಲಾ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ದುರಸ್ತಿಯ ಅಂಗಡಿಗಳಲ್ಲಿಯೂ ಧಾರಾಳವಾಗಿ ಕಾಣಸಿಗುತ್ತವೆ.

ಇಂಥ ಮೀಟರಿಗೆ ವಯಸ್ಸಾದಂತೆ ಅದರ ಅಂಕಿಗಳು ಮಸುಕಾಗುವುದುಂಟು. ಕೆಲವು ಗೀಟುಗಳು ಕಪ್ಪಾಗಿರುತ್ತವೆ, ಕೆಲವು ಬೂದಿಬಣ್ಣಕ್ಕೆ ತಿರುಗುತ್ತವೆ, ಮತ್ತೆ ಕೆಲವು ಮಾಯವೇ ಆಗುತ್ತವೆ. ಅಂಕಿಫಲಕ ಸತ್ತುಹೋಯಿತೆಂದು ತೀರ್ಮಾನಿಸಿ ಮೀಟರನ್ನು ಕಪಾಟಿನ ಮೂಲೆಗೆ ತಳ್ಳಿಬಿಡುವವರೇ ಹೆಚ್ಚು. ಆದರೆ ಅನೇಕ ವೇಳೆ ಅಳೆಯುವ ಅಂಗವೂ ಕೆಟ್ಟಿರುವುದಿಲ್ಲ, ತೋರಿಸುವ ಗಾಜೂ ಕೆಟ್ಟಿರುವುದಿಲ್ಲ. ಅವೆರಡರ ನಡುವೆ ಸುದ್ದಿ ಒಯ್ಯುವ ಕೊಂಡಿಯೊಂದು ಸೋತಿರುತ್ತದೆ. ಆ ಕೊಂಡಿ ಯಾವುದು, ಅದು ಸೋತಿದೆಯೆಂದು ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ತಿಳಿಯುವುದು ಹೇಗೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಅಂಕಿ ತಪ್ಪಿದರೆ ಆಗುವುದೇನು?

ಮೀಟರಿನ ಒಂದೊಂದು ಅಂಕಿಯೂ ಏಳು ಗೀಟುಗಳಿಂದ ಆಗಿದೆ. ಅಡ್ಡಗೀಟುಗಳು ಮೂರು, ನಿಂತ ಗೀಟುಗಳು ನಾಲ್ಕು. ಏಳೂ ಕಪ್ಪಾದರೆ 8. ನಡುವಿನ ಅಡ್ಡಗೀಟೊಂದನ್ನು ಬಿಟ್ಟು ಉಳಿದ ಆರೂ ಕಪ್ಪಾದರೆ 0. ಸಾಮಾನ್ಯವಾದ ಮೀಟರಿನಲ್ಲಿ ಇಂಥ ಪೂರ್ಣ ಅಂಕಿಗಳು ಮೂರು ಇದ್ದು, ಅವುಗಳ ಎಡಕ್ಕೆ 1ನ್ನು ಮಾತ್ರ ತೋರಿಸಬಲ್ಲ ಅರ್ಧ ಅಂಕಿಯೊಂದಿರುತ್ತದೆ. ಆದುದರಿಂದ ಅದು ತೋರಬಲ್ಲ ಅತಿ ದೊಡ್ಡ ಸಂಖ್ಯೆ 1999. ಮೂರು ಅಂಕಿಗಳಿಗೆ 21 ಗೀಟುಗಳು, ಅರ್ಧ ಅಂಕಿಗೆ ಒಂದು, ಋಣಚಿಹ್ನೆಗೆ ಒಂದು. ಹೀಗೆ ಒಟ್ಟು 23. ದಶಾಂಶ ಬಿಂದುಗಳು ಬೇರೆ.

ಈಗ ಒಂದೊಂದೇ ಗೀಟು ಅಳಿಸಿಹೋದುದಾಗಿ ಭಾವಿಸೋಣ. ನಡುವಿನ ಗೀಟು ಹೋದರೆ 8 ಎಂಬುದು 0 ಆಗುತ್ತದೆ. ಕೆಳಗಿನ ಎಡಗೀಟು ಹೋದರೆ 8 ಎಂಬುದು 9 ಆಗುತ್ತದೆ. ಮೇಲಿನ ಎಡಗೀಟು ಹೋದರೆ 9 ಎಂಬುದು 3 ಆಗುತ್ತದೆ. ಮೇಲಿನ ಅಡ್ಡಗೀಟು ಹೋದರೆ 7 ಎಂಬುದು 1 ಆಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ಹುಟ್ಟುವ ತಪ್ಪು ಅಂಕಿ ವಿಕಾರವಾಗಿ ಕಾಣುವುದಿಲ್ಲ. ಅದೂ ಒಂದು ಸರಿಯಾದ ಅಂಕಿಯಂತೆಯೇ ಕಾಣುತ್ತದೆ. ಸುಳ್ಳು ಸತ್ಯದ ವೇಷವನ್ನೇ ತೊಟ್ಟು ಬಂದಾಗ ಅದನ್ನು ಗುರುತಿಸುವುದು ಕಷ್ಟ.

ಎಲ್ಲಕ್ಕಿಂತ ಅಪಾಯಕರವಾದುದು ಎಡಗಡೆಯ ಅರ್ಧ ಅಂಕಿ ಮಾಯವಾಗುವುದು. 200 ವೋಲ್ಟಿನ ವ್ಯಾಪ್ತಿಯಲ್ಲಿ 110.0 ವೋಲ್ಟನ್ನು ಅಳೆಯುತ್ತಿರುವಾಗ ಮೊದಲಿನ 1 ಕಾಣದೆಹೋದರೆ ಮೀಟರು 10.0 ವೋಲ್ಟ್ ಎಂದು ತೋರಿಸುತ್ತದೆ. ಹತ್ತು ವೋಲ್ಟನ್ನು ಬರಿಗೈಯಿಂದ ಮುಟ್ಟಲು ಯಾರೂ ಅಂಜುವುದಿಲ್ಲ. ನೂರಹತ್ತು ವೋಲ್ಟು ಮನುಷ್ಯನನ್ನು ಕೊಲ್ಲಬಲ್ಲುದು. ಹೀಗಿರುವಲ್ಲಿ ಮಸುಕಾದ ಮೀಟರನ್ನು ‘ಹೇಗೋ ಕಾಣುತ್ತದೆ’ ಎಂದು ಬಳಸುತ್ತ ಹೋಗುವುದು ಎಷ್ಟುಮಾತ್ರಕ್ಕೂ ತರವಲ್ಲ. ಒಂದೋ ಅದನ್ನು ಸರಿಪಡಿಸಬೇಕು, ಇಲ್ಲವೇ ಕೆಲಸದಿಂದ ತೆಗೆಯಬೇಕು.

ದ್ರವವೂ ಹೌದು, ಸ್ಫಟಿಕವೂ ಹೌದು

ಅಂಕಿಗಳು ಮಸುಕಾಗುವುದೇಕೆ ಎಂದು ತಿಳಿಯಬೇಕಾದರೆ ಅವು ಕಪ್ಪಾಗುವುದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಈ ಫಲಕದ ಜೀವಾಳ ದ್ರವಸ್ಫಟಿಕವೆಂಬ ವಿಚಿತ್ರ ವಸ್ತು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ಪದಾರ್ಥವನ್ನು ಕಾಯಿಸಿ ನೋಡುತ್ತಿದ್ದಾಗ ಅದಕ್ಕೆ ಎರಡು ಕರಗುವ ಬಿಂದುಗಳಿರುವಂತೆ ಕಂಡುಬಂದಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನವು ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ಜರ್ಮನಿಯ ಭೌತವಿಜ್ಞಾನಿ ಓಟೊ ಲೆಹ್ಮನ್ ಈ ನಡುವಣ ಸ್ಥಿತಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ದ್ರವದಂತೆ ಹರಿಯುತ್ತದೆ, ಆದರೆ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುತ್ತದೆ ಎಂದು ತೋರಿಸಿದನು.

ಇದು ಬಹುಕಾಲ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿದಿತ್ತು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಕೆಲಸಮಾಡುತ್ತಿದ್ದ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್‌ಫ್ರಿಕ್ ಇಂದಿನ ಮೀಟರುಗಳಲ್ಲಿರುವ ತಿರುಚಿದ ದ್ರವಸ್ಫಟಿಕದ ಕೋಶವನ್ನು 1971ರಲ್ಲಿ ಪ್ರಕಟಿಸಿದರು. ಮರು ವರ್ಷಗಳಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಸಾಮಾನ್ಯ ಉಷ್ಣತೆಯಲ್ಲಿ ಕೆಡದೆ ಉಳಿಯುವ ದ್ರವಸ್ಫಟಿಕಗಳನ್ನು ತಯಾರಿಸಿದುದರಿಂದ ಅಂಕಿಫಲಕಗಳು ಬಳಕೆಗೆ ಬಂದವು. ನಮ್ಮ ನಾಡಿಗೂ ಈ ವಿಜ್ಞಾನಕ್ಕೂ ಹತ್ತಿರದ ನಂಟಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು ಮುಂದೆ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ಕಂಡುಹಿಡಿದರು. ಮೀಟರಿನ ಫಲಕದಲ್ಲಿರುವುದಾದರೋ ಬಿಲ್ಲೆಯಂಥವಲ್ಲ, ಕಡ್ಡಿಯಂಥ ಉದ್ದನೆಯ ಅಣುಗಳು.

ಈ ಫಲಕದ ರಚನೆ ಹೀಗಿದೆ. ಎರಡು ತೆಳುಗಾಜುಗಳ ನಡುವೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ಸಂದಿನಲ್ಲಿ ದ್ರವಸ್ಫಟಿಕವನ್ನು ತುಂಬಿದೆ. ಗಾಜುಗಳ ಒಳಮೈಯಲ್ಲಿ ಇಂಡಿಯಮ್ ಮತ್ತು ತವರದ ಆಕ್ಸೈಡಿನ ಪಾರದರ್ಶಕ ಲೇಪವಿದೆ, ಇದು ವಿದ್ಯುದ್ವಾಹಕ. ಮುಂದಿನ ಗಾಜಿನ ಲೇಪವನ್ನು ಗೀಟುಗಳ ಆಕಾರದಲ್ಲಿ ಬಿಡಿಸಿದೆ. ಹಿಂದಿನ ಗಾಜಿನ ಲೇಪ ಎಲ್ಲ ಗೀಟುಗಳಿಗೂ ಸಾಮಾನ್ಯವಾದುದು. ಇದನ್ನು ಹಿನ್ನೆಲೆ ಪಟಲವೆಂದು ಕರೆಯೋಣ. ಎರಡು ಗಾಜುಗಳ ಹೊರಮೈಗೂ ಒಂದೊಂದು ಪೋಲರಾಯ್ಡ್ ಹಾಳೆಯನ್ನು ಅಂಟಿಸಿದೆ. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಮೀಟರಿನಲ್ಲಿ ಈ ಎರಡು ಹಾಳೆಗಳ ದಿಕ್ಕು ಒಂದಕ್ಕೊಂದು ಲಂಬವಾಗಿದೆ. ನಡುವೆ ಬೇರೇನೂ ಇಲ್ಲದಿದ್ದರೆ ಬೆಳಕು ದಾಟುವಂತೆಯೇ ಇಲ್ಲ.

ಆದರೆ ನಡುವಣ ಅಣುಗಳು ಸುರುಳಿ ಮೆಟ್ಟಿಲಿನಂತೆ ಒಂದರ ಮೇಲೊಂದು ತುಸುತುಸುವೇ ತಿರುಗಿ, ಒಂದು ಗಾಜಿನಿಂದ ಇನ್ನೊಂದನ್ನು ಮುಟ್ಟುವಷ್ಟರಲ್ಲಿ 90 ಡಿಗ್ರಿ ತಿರುಗಿರುತ್ತವೆ. ಅವುಗಳೊಡನೆ ಬೆಳಕಿನ ಕಂಪನದ ದಿಕ್ಕೂ ತಿರುಗುವುದರಿಂದ ಅದು ಎರಡನೆಯ ಹಾಳೆಯನ್ನೂ ದಾಟಿ, ಹಿಂದಿರುವ ಪ್ರತಿಫಲಕಕ್ಕೆ ಬಡಿದು ಮರಳಿ ಬರುತ್ತದೆ. ಫಲಕ ಬೆಳ್ಳಗೆ ಕಾಣುತ್ತದೆ. ಗೀಟಿಗೂ ಹಿನ್ನೆಲೆ ಪಟಲಕ್ಕೂ ನಡುವೆ ವೋಲ್ಟೇಜು ಕೊಟ್ಟರೆ ಅಣುಗಳು ಸುರುಳಿಯನ್ನು ಬಿಟ್ಟು ಗಾಜಿಗೆ ಲಂಬವಾಗಿ ಎದ್ದು ನಿಲ್ಲುತ್ತವೆ. ಬೆಳಕು ತಿರುಗುವುದಿಲ್ಲ, ಎರಡನೆಯ ಹಾಳೆ ಅದನ್ನು ತಡೆಯುತ್ತದೆ, ಆ ಗೀಟು ಕಪ್ಪಾಗಿ ಕಾಣುತ್ತದೆ. ಸುಮಾರು 2 ವೋಲ್ಟಿಗಿಂತ ಕಡಿಮೆಯಾದರೆ ಅಣುಗಳು ಅಲುಗುವುದೇ ಇಲ್ಲವೆನ್ನಬಹುದು. ಅಲ್ಲಿಂದ ಮೇಲೇರಿದಂತೆ ಕಪ್ಪು ಗಾಢವಾಗುತ್ತ ಹೋಗುತ್ತದೆ. ಮಸುಕು ಎಂಬುದರ ಅರ್ಥ ಇಷ್ಟೆ: ಗೀಟಿಗೆ ತಲುಪಬೇಕಾದಷ್ಟು ವೋಲ್ಟೇಜು ತಲುಪುತ್ತಿಲ್ಲ.

ಏರಿಳಿಯುವ ವೋಲ್ಟೇಜು

ದ್ರವಸ್ಫಟಿಕಕ್ಕೆ ಒಂದೇ ದಿಕ್ಕಿನ ವೋಲ್ಟೇಜನ್ನು ಎಡೆಬಿಡದೆ ಕೊಟ್ಟರೆ ವಿದ್ಯುದ್ವಿಭಜನೆ ಆರಂಭವಾಗಿ ಅದು ಕೆಡುತ್ತದೆ. ಆದಕಾರಣ ಫಲಕಕ್ಕೆ ಪರ್ಯಾಯ ವೋಲ್ಟೇಜನ್ನೇ ಕೊಡಬೇಕು. 1970ರ ದಶಕದಲ್ಲಿ ಇಂಟರ್‌ಸಿಲ್ ಸಂಸ್ಥೆ ಹೊರತಂದ ಐಸಿಎಲ್ 7106 ಎಂಬ 40 ಕಾಲುಗಳ ಬಿಲ್ಲೆ ಅಳೆಯುವ ಕೆಲಸವನ್ನೂ ಫಲಕವನ್ನು ನಡೆಸುವ ಕೆಲಸವನ್ನೂ ತಾನೊಂದೇ ಮಾಡಬಲ್ಲುದಾಗಿ, ಅಸಂಖ್ಯ ಮೀಟರುಗಳ ಹೃದಯವಾಯಿತು. ಅದರ ಗಡಿಯಾರ ಸೆಕೆಂಡಿಗೆ 48,000 ಸಲ ಮಿಡಿದರೆ, ಅದನ್ನು 800ರಿಂದ ಭಾಗಿಸಿ ಸೆಕೆಂಡಿಗೆ 60 ಆವರ್ತಗಳ ಚೌಕ ಅಲೆಯನ್ನು ಹಿನ್ನೆಲೆ ಪಟಲಕ್ಕೆ ಕೊಡುತ್ತದೆ. ಕಪ್ಪಾಗಬಾರದ ಗೀಟಿಗೆ ಅದೇ ಅಲೆಯನ್ನು ಅದೇ ತಾಳದಲ್ಲಿ ಕೊಡುತ್ತದೆ; ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಅವುಗಳ ನಡುವೆ ವ್ಯತ್ಯಾಸ ಸೊನ್ನೆ. ಕಪ್ಪಾಗಬೇಕಾದ ಗೀಟಿಗೆ ವಿರುದ್ಧ ತಾಳದ ಅಲೆಯನ್ನು ಕೊಡುತ್ತದೆ. ಆಗ ನಡುವಣ ವ್ಯತ್ಯಾಸ ಒಮ್ಮೆ +5 ವೋಲ್ಟ್, ಒಮ್ಮೆ -5 ವೋಲ್ಟ್ ಆಗುತ್ತಿರುತ್ತದೆ.

ಈ ಏರ್ಪಾಡಿನ ಮಿತವ್ಯಯ ಮೆಚ್ಚತಕ್ಕದ್ದು. 7106ರ ಒಡಹುಟ್ಟಾದ 7107 ಎಂಬ ಬಿಲ್ಲೆ ಕೆಂಪಾಗಿ ಬೆಳಗುವ ಡಯೋಡುಗಳ ಅಂಕಿಗಳನ್ನು ನಡೆಸುತ್ತದೆ. ಅಲ್ಲಿ ಒಂದೊಂದು ಗೀಟಿಗೂ ಸುಮಾರು 8 ಮಿಲಿಆಂಪಿಯರ್ ಬೇಕು. ದ್ರವಸ್ಫಟಿಕ ತಾನು ಬೆಳಗುವುದಿಲ್ಲ, ಹೊರಗಿನ ಬೆಳಕಿಗೆ ತಡೆಯೊಡ್ಡುತ್ತದೆ ಅಷ್ಟೆ. ಆದುದರಿಂದಲೇ 9 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ತಿಂಗಳುಗಟ್ಟಲೆ ಬಾಳುತ್ತದೆ.

ಜೀಬ್ರಾ ಪಟ್ಟಿ

ಬಿಲ್ಲೆಯಿಂದ ಹೊರಟ ಅಲೆಗಳು ಮಂಡಲ ಫಲಕದ ಲೋಹದ ಪಟ್ಟಿಗಳವರೆಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಗಾಜಿನ ಅಂಚಿಗೆ ಅವು ದಾಟಬೇಕು. ಗಾಜಿನ ಮೇಲಿನ ಲೇಪಕ್ಕೆ ತಂತಿಯನ್ನು ಬೆಸುಗೆ ಹಾಕುವುದು ಸುಲಭವಲ್ಲ. ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ಬಲು ಸೊಗಸಾದುದು. ಇಂಗಾಲವನ್ನು ಬೆರೆಸಿದ ಸಿಲಿಕೋನ್ ರಬ್ಬರು ವಿದ್ಯುತ್ತನ್ನು ಒಯ್ಯುತ್ತದೆ. ಬೆರೆಸದ ರಬ್ಬರು ಒಯ್ಯುವುದಿಲ್ಲ. ಇವೆರಡರ ತೆಳ್ಳನೆಯ ಪದರಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ ಕಡ್ಡಿಯಾಕಾರದಲ್ಲಿ ಕತ್ತರಿಸಿದರೆ, ಕಪ್ಪು ಬಿಳುಪು ಗೆರೆಗಳ ರಬ್ಬರ್ ಪಟ್ಟಿಯೊಂದು ದೊರೆಯುತ್ತದೆ. ಜೀಬ್ರಾದ ಮೈಯನ್ನು ನೆನಪಿಗೆ ತರುವುದರಿಂದ ಅದಕ್ಕೆ ಜೀಬ್ರಾ ಪಟ್ಟಿ ಎಂದೇ ಹೆಸರು. ಗೆರೆಗಳು ಎಷ್ಟು ಸಣ್ಣವೆಂದರೆ ಒಂದೊಂದು ಲೋಹದ ಪಟ್ಟಿಗೂ ಹಲವು ಕಪ್ಪು ಗೆರೆಗಳು ತಗಲುತ್ತವೆ. ಬಿಳಿಗೆರೆಗಳು ನೆರೆಯ ಪಟ್ಟಿಗಳನ್ನು ಬೇರ್ಪಡಿಸುತ್ತವೆ. ಗಾಜಿಗೂ ಮಂಡಲ ಫಲಕಕ್ಕೂ ನಡುವೆ ಇದನ್ನಿಟ್ಟು ಅದುಮಿದರೆ ಸಾಕು. ಬೆಸುಗೆ ಬೇಕಿಲ್ಲ, ತಂತಿ ಬೇಕಿಲ್ಲ.

ಆದರೆ ಈ ಸೊಗಸಿನಲ್ಲಿಯೇ ಒಂದು ದೌರ್ಬಲ್ಯ ಅಡಗಿದೆ. ಎಲ್ಲವೂ ಅದುಮಿದ ಬಲದ ಮೇಲೆಯೇ ನಿಂತಿದೆ. ವರ್ಷಗಳು ಕಳೆದಂತೆ ರಬ್ಬರು ತನ್ನ ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಅದರೊಳಗಿಂದ ಸೂಕ್ಷ್ಮವಾದ ಎಣ್ಣೆಯಂಶ ಜಿನುಗುತ್ತದೆ. ಲೋಹದ ಪಟ್ಟಿಗಳ ಮೇಲೆ ಕಿಲುಬು ಕೂಡುತ್ತದೆ. ಧೂಳೂ ತೇವವೂ ಸೇರುತ್ತವೆ. ಮೀಟರು ನೆಲಕ್ಕೆ ಬಿದ್ದು ತಿರುಪುಗಳು ಸಡಿಲವಾಗುವುದೂ ಉಂಟು.

ಒಂದು ಚಿಕ್ಕ ಲೆಕ್ಕ

ಈ ಕೊಂಡಿ ಎಷ್ಟು ಕೆಟ್ಟರೆ ಅಂಕಿ ಮಸುಕಾಗುತ್ತದೆ? ಇದನ್ನು ಲೆಕ್ಕಹಾಕಿ ನೋಡಬಹುದು. ಗೀಟು, ದ್ರವಸ್ಫಟಿಕ, ಹಿನ್ನೆಲೆ ಪಟಲ ಇವು ಮೂರೂ ಸೇರಿ ಒಂದು ಧಾರಕವಾಗುತ್ತವೆ. ಗೀಟಿನ ವಿಸ್ತಾರ 5 ಚದರ ಮಿಲಿಮೀಟರ್, ಸಂದಿನ ಅಗಲ 8 ಮೈಕ್ರೋಮೀಟರ್, ದ್ರವಸ್ಫಟಿಕದ ಪರಾವೈದ್ಯುತಾಂಕ 10 ಎಂದಿಟ್ಟುಕೊಳ್ಳೋಣ. ವಿಸ್ತಾರವನ್ನು ಸಂದಿನ ಅಗಲದಿಂದ ಭಾಗಿಸಿ, ಪರಾವೈದ್ಯುತಾಂಕದಿಂದಲೂ ನಿರ್ವಾತದ ಸ್ಥಿರಾಂಕದಿಂದಲೂ ಗುಣಿಸಿದರೆ ಧಾರಕತೆ ಸುಮಾರು 55 ಪಿಕೋಫ್ಯಾರಡ್ ಎಂದು ಬರುತ್ತದೆ. ಸೆಕೆಂಡಿಗೆ 60 ಆವರ್ತಗಳ ವಿದ್ಯುತ್ತಿಗೆ ಇಷ್ಟು ಚಿಕ್ಕ ಧಾರಕ ಒಡ್ಡುವ ಪ್ರತಿರೋಧ ಸುಮಾರು 48 ಮೆಗಾಓಮ್, ಎಂದರೆ ನಾಲ್ಕು ಕೋಟಿ ಎಂಬತ್ತು ಲಕ್ಷ ಓಮ್!

ಈ ಧಾರಕದ ಸರಣಿಯಲ್ಲಿ ಕೊಂಡಿಯ ರೋಧ ಸೇರುತ್ತದೆ. ಅಲೆ ಚೌಕವಾಗಿದ್ದರೂ ಸರಳತೆಗಾಗಿ ಸೈನ್ ಅಲೆಯೆಂದೇ ಎಣಿಸೋಣ. ಕೊಂಡಿಯ ರೋಧ 1 ಮೆಗಾಓಮ್ ಆದರೂ ಗೀಟಿಗೆ 5 ವೋಲ್ಟಿನಲ್ಲಿ ಲೆಕ್ಕಕ್ಕೆ ಬರುವಂಥ ಕೊರತೆಯೇನೂ ಆಗುವುದಿಲ್ಲ. ಅದು 48 ಮೆಗಾಓಮ್ ಆದಾಗ ಗೀಟಿಗೆ ಸುಮಾರು 3.5 ವೋಲ್ಟ್ ದೊರೆಯುತ್ತದೆ. 100 ಮೆಗಾಓಮ್ ಆದಾಗ ಸುಮಾರು 2.2 ವೋಲ್ಟ್, ಗೀಟು ಇದ್ದೂ ಇಲ್ಲದಂತಾಗುತ್ತದೆ.

ಈ ಲೆಕ್ಕದಿಂದ ತಿಳಿಯುವುದೇನು? ಒಂದು ಗೀಟು ಮಸುಕಾಗಬೇಕಾದರೆ ಕೊಂಡಿ ತುಸು ಕೆಟ್ಟರೆ ಸಾಲದು, ಬಹುಮಟ್ಟಿಗೆ ಅವಾಹಕವೇ ಆಗಿರಬೇಕು. ಎಂದರೆ ನಡುವೆ ಎಣ್ಣೆಯದೋ ಕಿಲುಬಿನದೋ ಪೊರೆಯೊಂದು ಕಟ್ಟಿರಬೇಕು, ಇಲ್ಲವೇ ರಬ್ಬರು ಲೋಹವನ್ನು ಮುಟ್ಟುತ್ತಲೇ ಇರಬಾರದು. ಎರಡಕ್ಕೂ ಮದ್ದು ಸುಲಭ: ಒರೆಸುವುದು ಮತ್ತು ಅದುಮುವುದು. ಇದೇ ಈ ದುರಸ್ತಿಯ ತಿರುಳು.

ಹಿನ್ನೆಲೆ ಪಟಲದ ಕೊಂಡಿಯ ಸಂಗತಿ ಬೇರೆ. ಅದು 23 ಗೀಟುಗಳಿಗೂ ಸೇರಿದ್ದು; ಆದುದರಿಂದ ಅಲ್ಲಿ ಪ್ರತಿರೋಧ 48ರ 23ನೆಯ ಒಂದು ಪಾಲು, ಸುಮಾರು 2 ಮೆಗಾಓಮ್ ಮಾತ್ರ. ಆ ಒಂದು ಕೊಂಡಿಯಲ್ಲಿ 2 ಮೆಗಾಓಮ್ ರೋಧ ಹುಟ್ಟಿದರೆ ಸಾಕು, ಇಡೀ ಫಲಕ ಕಳೆಗುಂದುತ್ತದೆ. ಅಷ್ಟೇ ಅಲ್ಲ, ಹಿಡಿತ ತಪ್ಪಿದ ಹಿನ್ನೆಲೆ ಪಟಲವನ್ನು ಕಪ್ಪಾದ ಗೀಟುಗಳು ತಮ್ಮ ತಾಳದ ಕಡೆಗೆ ಎಳೆದುಕೊಳ್ಳುತ್ತವೆ. ಆಗ ಕಪ್ಪಾಗಿರಬೇಕಾದ ಗೀಟುಗಳು ಮಸುಕಾಗುತ್ತವೆ, ಕಾಣಬಾರದ ಗೀಟುಗಳು ನೆರಳಿನಂತೆ ಮೂಡುತ್ತವೆ.

ರೋಗವನ್ನು ಗುರುತಿಸುವ ಬಗೆ

ವೈದ್ಯನು ಮದ್ದು ಕೊಡುವ ಮೊದಲು ನಾಡಿ ನೋಡುವಂತೆ, ಮೀಟರನ್ನು ಬಿಚ್ಚುವ ಮೊದಲು ಅದರ ಲಕ್ಷಣಗಳನ್ನು ನೋಡಬೇಕು.

ಮೊದಲನೆಯದಾಗಿ ಹೊಸ ಬ್ಯಾಟರಿಯನ್ನು ಹಾಕಿ ನೋಡಬೇಕು. ಇದು ಮಸುಕಿಗಾಗಿ ಮಾತ್ರವಲ್ಲ. 7106 ತನ್ನೊಳಗೆ ಸುಮಾರು 2.8 ವೋಲ್ಟಿನ ಸ್ಥಿರ ವೋಲ್ಟೇಜೊಂದನ್ನು ಕಾಯ್ದುಕೊಂಡು, ಅದರಿಂದ ಪಡೆದ ಮಾನಕದೊಡನೆ ಹೋಲಿಸಿ ಅಳೆಯುತ್ತದೆ. ಬ್ಯಾಟರಿ ತೀರ ಇಳಿದಾಗ ಈ ಮಾನಕವೂ ಕುಸಿಯುತ್ತದೆ. ಅಳತೆಗೋಲು ಕುಗ್ಗಿದರೆ ಬಟ್ಟೆ ಉದ್ದವೆಂದು ತೋರುವುದಷ್ಟೆ! ಮಾನಕ ಹತ್ತನೆಯ ಒಂದು ಪಾಲು ಕುಗ್ಗಿದರೆ ಮೀಟರು ನೂರಕ್ಕೆ ಹನ್ನೊಂದರಷ್ಟು ಹೆಚ್ಚಾಗಿ ತೋರಿಸುತ್ತದೆ.

ಎರಡನೆಯದಾಗಿ, ಮೀಟರನ್ನು ರೋಧದ ವ್ಯಾಪ್ತಿಯಲ್ಲಿಟ್ಟು ಕಡ್ಡಿಗಳನ್ನು ಬಿಡಿಯಾಗಿ ಹಿಡಿಯಬೇಕು. ಅಳತೆ ಮೀರಿತೆಂಬುದಕ್ಕೆ ಎಡಗಡೆಯ 1 ಮಾತ್ರ ಮೂಡುತ್ತದೆ. ಬಳಿಕ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಬೇಕು. ಮೂರು ಸೊನ್ನೆಗಳು, ಎಂದರೆ 18 ಗೀಟುಗಳು ಮೂಡುತ್ತವೆ. ಒಂಟಿ 1 ಚೆನ್ನಾಗಿ ಕಪ್ಪಾಗಿದ್ದು, ಸೊನ್ನೆಗಳು ಮೂಡಿದೊಡನೆ ಎಲ್ಲವೂ ಮಸುಕಾಗಿ ನಡುವಿನ ಗೀಟುಗಳ ನೆರಳೂ ಕಂಡರೆ, ದೋಷ ಹಿನ್ನೆಲೆ ಪಟಲದ ಕೊಂಡಿಯಲ್ಲಿದೆ ಎಂದು ಊಹಿಸಬಹುದು. ಕಾರಣವನ್ನು ಮೇಲೆಯೇ ನೋಡಿದೆವು.

ಮೂರನೆಯದಾಗಿ, ಫಲಕದ ಚೌಕಟ್ಟಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಅದುಮಬೇಕು. ಮಸುಕಾದ ಗೀಟು ಅದುಮಿದಾಗ ಕಪ್ಪಾಗಿ ಬಿಟ್ಟಾಗ ಮಸುಕಾದರೆ ದೋಷ ಜೀಬ್ರಾ ಪಟ್ಟಿಯದೇ. ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ನಾಲ್ಕನೆಯದಾಗಿ, ಯಾವ ಗೀಟು ಕೆಟ್ಟಿದೆಯೆಂದು ಪಟ್ಟಿಮಾಡಬೇಕು. 1.5 ವೋಲ್ಟಿನ ಒಣಕೋಶದ ಎರಡು ತುದಿಗಳಿಗೆ 10 ಕಿಲೋಓಮಿನ ಬದಲಾಗುವ ರೋಧಕವನ್ನು ಜೋಡಿಸಿ, ಅದರ ನಡುಗಾಲಿನಿಂದ ಸಿಗುವ ವೋಲ್ಟೇಜನ್ನು 2 ವೋಲ್ಟಿನ ವ್ಯಾಪ್ತಿಯಲ್ಲಿ ಅಳೆಯಬೇಕು. ಗುಂಡಿಯನ್ನು ಮೆಲ್ಲಗೆ ತಿರುಗಿಸಿದರೆ ಒಂದೊಂದು ಸ್ಥಾನದಲ್ಲಿಯೂ 0ಯಿಂದ 9ರವರೆಗೆ ಎಲ್ಲ ಅಂಕಿಗಳೂ ಸಾಲಾಗಿ ಬರುತ್ತವೆ. ಕಡ್ಡಿಗಳನ್ನು ಅದಲುಬದಲು ಮಾಡಿದರೆ ಋಣಚಿಹ್ನೆಯ ಪರೀಕ್ಷೆಯೂ ಆಯಿತು. 7106ರ 37ನೆಯ ಕಾಲನ್ನು ಧನ ತುದಿಗೆ ಮುಟ್ಟಿಸಿದರೆ ಒಮ್ಮೆಗೇ -1888 ಮೂಡುವುದು ನಿಜ. ಆದರೆ ಆಗ ಗೀಟುಗಳಿಗೆ ಒಂದೇ ದಿಕ್ಕಿನ ವೋಲ್ಟೇಜು ಬೀಳುವುದರಿಂದ ಹೆಚ್ಚು ಹೊತ್ತು ಹಿಡಿದರೆ ಫಲಕ ಸುಟ್ಟಂತೆ ಕೆಡುತ್ತದೆ.

ಚಿಕಿತ್ಸೆ

ದೋಷ ಜೀಬ್ರಾ ಪಟ್ಟಿಯದೆಂದು ಖಚಿತವಾದ ಮೇಲೆ ಕೆಲಸವನ್ನು ಹೀಗೆ ನಡೆಸಬೇಕು.

1. ಕಡ್ಡಿಗಳನ್ನು ಮೀಟರಿನಿಂದ ಕಳಚಬೇಕು. ಮೀಟರನ್ನು ಆರಿಸಿ ಬ್ಯಾಟರಿಯನ್ನು ತೆಗೆಯಬೇಕು. ಇದು ಮೊದಲ ನಿಯಮ. ಕಡ್ಡಿಗಳು ಹೊರಗಿನ ಯಾವುದೇ ಮಂಡಲಕ್ಕೆ ತಗಲಿರುವಾಗ ಮೀಟರನ್ನು ಬಿಚ್ಚುವುದು ಸಾವನ್ನು ಕರೆದಂತೆ.

2. ಮೇಜಿನ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿ ಅದರ ಮೇಲೆ ಬಿಚ್ಚಬೇಕು. ಅನೇಕ ಮೀಟರುಗಳ ವ್ಯಾಪ್ತಿ ಬದಲಿಸುವ ಗುಂಡಿಯಲ್ಲಿ ಪುಟ್ಟ ಸ್ಪ್ರಿಂಗುಗಳೂ ಉಕ್ಕಿನ ಗುಂಡುಗಳೂ ಇದ್ದು, ಬಿಚ್ಚಿದೊಡನೆ ಹಾರಿಹೋಗುತ್ತವೆ. ಯಾವ ಭಾಗ ಎಲ್ಲಿತ್ತೆಂಬುದರ ನಕ್ಷೆಯನ್ನು ಬರೆದುಕೊಳ್ಳಬೇಕು.

3. ಫಲಕದ ಚೌಕಟ್ಟನ್ನು ಹಿಡಿದಿರುವ ತಿರುಪುಗಳನ್ನು ತೆಗೆದು ಗಾಜನ್ನೂ ಪಟ್ಟಿಯನ್ನೂ ಬೇರ್ಪಡಿಸಬೇಕು. ಗಾಜಿನ ಯಾವ ಬದಿ ಮೇಲಿತ್ತೆಂದು ಗುರುತಿಡಬೇಕು. ಪಟ್ಟಿಯನ್ನು ಚಿಮಟದಿಂದ ಪಕ್ಕದಲ್ಲಿ ಹಿಡಿಯಬೇಕು. ತಗಲುವ ಅಂಚುಗಳನ್ನು ಬೆರಳಿನಿಂದ ಮುಟ್ಟಬಾರದು, ಏಕೆಂದರೆ ಬೆರಳಿನಲ್ಲಿ ಜಿಡ್ಡಿದೆ.

4. ನೂಲು ಬಿಡದ ಮೆತ್ತನೆಯ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಒದ್ದೆಮಾಡಿ ಪಟ್ಟಿಯ ಎರಡು ಅಂಚುಗಳನ್ನೂ, ಮಂಡಲ ಫಲಕದ ಲೋಹದ ಪಟ್ಟಿಗಳನ್ನೂ, ಗಾಜಿನ ಅಂಚಿನ ಲೇಪವನ್ನೂ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಒರೆಸಬೇಕು. ಗಾಜಿನ ಲೇಪ ಬಲು ತೆಳ್ಳನೆಯದು, ಕೆರೆದರೆ ಹೋದಂತೆಯೇ. ಪೋಲರಾಯ್ಡ್ ಹಾಳೆಯ ಅಂಚಿಗೆ ದ್ರವ ಇಳಿಯಬಾರದು. ಅಸಿಟೋನ್, ಥಿನ್ನರ್, ಪೆಟ್ರೋಲ್ ಇವುಗಳನ್ನು ಹತ್ತಿರಕ್ಕೂ ತರಬಾರದು. ಅವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಆಲ್ಕೊಹಾಲು ಹೊತ್ತಿಕೊಳ್ಳುವ ವಸ್ತುವಾದುದರಿಂದ ಬೆಂಕಿ ದೂರವಿರಲಿ, ಕಿಟಕಿ ತೆರೆದಿರಲಿ.

5. ಬರಿಯ ತಾಮ್ರ ಅಥವಾ ತವರದ ಪಟ್ಟಿಗಳ ಮೇಲೆ ಕಿಲುಬು ಕಟ್ಟಿದ್ದರೆ ಪೆನ್ಸಿಲಿನ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಒರೆಸಬಹುದು. ಚಿನ್ನದ ಲೇಪ ಅಥವಾ ಕಪ್ಪು ಇಂಗಾಲದ ಲೇಪವಿದ್ದರೆ ಉಜ್ಜಬಾರದು.

6. ಎಲ್ಲವೂ ಒಣಗಿದ ಮೇಲೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಗಾಜನ್ನು ಕೂರಿಸಬೇಕು. ತಿರುಪುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಎದುರು ಮೂಲೆಗಳನ್ನು ಸರದಿಯಂತೆ ತುಸುತುಸುವೇ ಬಿಗಿಯುತ್ತ ಬರಬೇಕು. ಒತ್ತಡ ಎಲ್ಲೆಡೆಯೂ ಸಮನಾಗಿರಬೇಕು. ಅತಿಯಾಗಿ ಬಿಗಿದರೆ ಗಾಜು ಸೀಳುತ್ತದೆ.

7. ರಬ್ಬರು ಕುಗ್ಗಿ ಮೊದಲಿನ ಒತ್ತಡ ಬಾರದಿದ್ದರೆ, ಚೌಕಟ್ಟಿಗೂ ಗಾಜಿನ ಅಂಚಿಗೂ ನಡುವೆ ಅಂಟುಪಟ್ಟಿಯ ಒಂದು ಪದರವನ್ನು ಕೊಟ್ಟು ಹೆಚ್ಚಿಸಬಹುದು. ಅದಕ್ಕೂ ಜಗ್ಗದಿದ್ದರೆ ಅದೇ ಉದ್ದ, ಎತ್ತರ, ದಪ್ಪದ ಹೊಸ ಪಟ್ಟಿಯನ್ನು ಹಾಕಬೇಕು.

ಕೆಲವು ಮೀಟರುಗಳಲ್ಲಿ ಜೀಬ್ರಾ ಪಟ್ಟಿಯ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿಗೆ ಬಿಸಿಯಿಂದ ಅಂಟಿಸಿರುತ್ತಾರೆ. ಅದನ್ನು ಎಳೆಯಲೂ ಬಾರದು, ಒರೆಸಲೂ ಬಾರದು. ಅನುಭವಿಗಳ ಕೈಗೆ ಒಪ್ಪಿಸುವುದೇ ಲೇಸು.

ಫಲಕದ್ದೇ ದೋಷವಾದಾಗ

ಎಲ್ಲ ಮಸುಕೂ ಕೊಂಡಿಯದಲ್ಲ. ಪೋಲರಾಯ್ಡ್ ಹಾಳೆ ಬಿಸಿಲಿನಿಂದಲೂ ತೇವದಿಂದಲೂ ಕೆಟ್ಟು ಬಣ್ಣಗೆಡುವುದುಂಟು. ಬೇರೊಂದು ಪೋಲರಾಯ್ಡ್ ಹಾಳೆಯನ್ನು ಫಲಕದ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿದಾಗ ಯಾವುದಾದರೊಂದು ಕೋನದಲ್ಲಿ ಅಂಕಿಗಳು ಸ್ಪಷ್ಟವಾದರೆ, ಮುಂದಿನ ಹಾಳೆ ಕೆಟ್ಟಿದೆಯೆಂದು ತಿಳಿಯಬೇಕು. ತಾಳ್ಮೆಯುಳ್ಳವರು ಅದನ್ನು ಸುಲಿದು ಹೊಸದನ್ನು ಅಂಟಿಸಬಹುದು. ಪೋಲರಾಯ್ಡ್ ಕನ್ನಡಕ ಧರಿಸಿದವರಿಗೆ ಒಳ್ಳೆಯ ಫಲಕವೂ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುವುದು. ಅದು ಮೀಟರಿನ ದೋಷವಲ್ಲ. ಬಿಸಿಲಿನಲ್ಲಿ ಕಾದ ಫಲಕ ಇಡಿಯಾಗಿ ಕಪ್ಪಾದರೆ ಗಾಬರಿಪಡಬೇಕಿಲ್ಲ. ದ್ರವಸ್ಫಟಿಕ ಕಾದು ಸಾಮಾನ್ಯ ದ್ರವವಾಗಿ, ಬೆಳಕನ್ನು ತಿರುಗಿಸುವ ಗುಣವನ್ನು ಕಳೆದುಕೊಂಡಿದೆ, ತಣಿದರೆ ಮೊದಲಿನಂತಾಗುತ್ತದೆ. ರೈನಿಟ್ಸರ್ ಕಂಡ ಎರಡನೆಯ ಕರಗುವ ಬಿಂದುವೇ ಇಲ್ಲಿಯೂ ನಡೆಯುತ್ತಿರುವುದು. ಆದರೆ ಅಂಚಿನಿಂದ ಮಸಿ ಹರಡಿದಂತೆ ಕಪ್ಪು ಕಲೆ ಬೆಳೆಯುತ್ತಿದ್ದರೆ ಗಾಜು ಬಿರಿದು ದ್ರವ ಸೋರಿದೆ. ಅದಕ್ಕೆ ಹೊಸ ಫಲಕವೊಂದೇ ದಾರಿ.

ಕೊನೆಯ ಪರೀಕ್ಷೆ

ಅಂಕಿಗಳು ಕಪ್ಪಾಗಿ ಮೂಡಿದ ಮಾತ್ರಕ್ಕೆ ಮೀಟರನ್ನು ನಂಬಬಾರದು. ಬದಲಾಗುವ ರೋಧಕದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಎಲ್ಲ ಗೀಟುಗಳನ್ನೂ, ಎಲ್ಲ ವ್ಯಾಪ್ತಿಗಳಲ್ಲಿ ದಶಾಂಶ ಬಿಂದುವನ್ನೂ ನೋಡಬೇಕು. ಬೇರೊಂದು ಒಳ್ಳೆಯ ಮೀಟರಿನೊಡನೆ ಅಳತೆಗಳನ್ನು ಹೋಲಿಸಬೇಕು. ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದಾಗ, ಅನುಭವಿಗಳು ಮೊದಲು ವಿದ್ಯುತ್ತಿದೆಯೆಂದು ಗೊತ್ತಿರುವೆಡೆ ಮೀಟರನ್ನು ಪರೀಕ್ಷಿಸುತ್ತಾರೆ, ಬಳಿಕ ಬೇಕಾದೆಡೆ ಅಳೆಯುತ್ತಾರೆ, ಕೊನೆಗೆ ಮತ್ತೊಮ್ಮೆ ಗೊತ್ತಿರುವೆಡೆಯೇ ಪರೀಕ್ಷಿಸುತ್ತಾರೆ. ಮೂರು ಸಲ ಅಳೆಯುವ ಈ ಪದ್ಧತಿಯನ್ನು ವಿದ್ಯಾರ್ಥಿಗಳು ಈಗಿನಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಸತ್ತಿತೆಂದು ಎಸೆದ ಉಪಕರಣವೊಂದು ಒಂದು ಹನಿ ಆಲ್ಕೊಹಾಲಿನಿಂದ ಮತ್ತೆ ಕಣ್ಣು ತೆರೆಯುವುದು ಸಂತೋಷದ ಸಂಗತಿಯೇ. ಆದರೆ ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ಎಲ್ಲಿ ಒರೆಸಬೇಕೆಂಬುದನ್ನು ನಾವು ಊಹೆಯಿಂದಲ್ಲ, ಲೆಕ್ಕದಿಂದ ತಿಳಿದುಕೊಂಡೆವು ಎಂಬುದು.

ಅಭ್ಯಾಸ

1. ಅರ್ಧ ಅಂಕಿಯ 1ರ ವಿಸ್ತಾರ ಸಾಮಾನ್ಯ ಗೀಟಿನ ಎರಡರಷ್ಟಿದೆ ಎಂದುಕೊಳ್ಳಿ. ಎರಡಕ್ಕೂ ಕೊಂಡಿಯ ರೋಧ ಒಂದೇ ಆಗಿದ್ದರೆ ಮೊದಲು ಮಸುಕಾಗುವುದು ಯಾವುದು? ಏಕೆ?

2. ಕೆಳಗಿನ ಎಡಗೀಟು ಮಾಯವಾದ ಸ್ಥಾನದಲ್ಲಿ ಯಾವ ಯಾವ ಅಂಕಿಗಳು ಬೇರೆ ಅಂಕಿಗಳಂತೆ ಕಾಣುತ್ತವೆ? ಪಟ್ಟಿಮಾಡಿ.

3. ಮುಂದಿನ ಪೋಲರಾಯ್ಡ್ ಹಾಳೆಯನ್ನು 90 ಡಿಗ್ರಿ ತಿರುಗಿಸಿ ಅಂಟಿಸಿದರೆ ಫಲಕ ಹೇಗೆ ಕಾಣುತ್ತದೆ? ವಿಚಾರಮಾಡಿ.